ಹೆಸರಿನ ಹಕ್ಕು, ಹೊಣೆಯ ಭಾರ

ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಯನ್ನು ಕುರಿತು ಪುಣೆಯ ಡೆಕ್ಕನ್ ಕಾಲೇಜು 1965ರಲ್ಲಿ ಪ್ರಕಟಿಸಿದ ಉತ್ಖನನ ವರದಿಗೆ ಇಬ್ಬರು ಕರ್ತೃಗಳು: ಪುರಾತತ್ತ್ವಜ್ಞ ಎಂ. ಎಸ್. ನಾಗರಾಜರಾವ್ ಮತ್ತು ಮಾನವಶಾಸ್ತ್ರಜ್ಞ ಕೆ. ಸಿ. ಮಲ್ಹೋತ್ರ. ಮಣ್ಣಿನ ಸ್ತರಗಳನ್ನು ಓದುವ ವಿದ್ಯೆ ಒಂದು. ಸಮಾಧಿಗಳ ಎಲುಬುಗಳನ್ನು ಓದುವ ವಿದ್ಯೆ ಇನ್ನೊಂದು. ಎರಡನೆಯದನ್ನು ಅನುಬಂಧಕ್ಕೆ ತಳ್ಳದೆ ಕರ್ತೃತ್ವದಲ್ಲಿ ಸೇರಿಸಿಕೊಂಡಿರುವುದು ಆ ಗ್ರಂಥದ ಹಿರಿಮೆ. ಬಳ್ಳಾರಿ ಸಮೀಪದ ಸಂಗನಕಲ್ಲಿನ ಉತ್ಖನನವನ್ನು ಕುರಿತ 1948ರ ಗ್ರಂಥದಲ್ಲಿ ಬಿ. ಸುಬ್ಬರಾವ್ ಅವರದೊಂದೇ ಹೆಸರಿದೆ. ಅದೂ ದೋಷವಲ್ಲ. ಹೆಸರುಗಳ ಸಂಖ್ಯೆಯಲ್ಲ, ಹೆಸರಿನ ಹಿಂದಿರುವ ಕೆಲಸವೇ ಇಲ್ಲಿ ಪ್ರಮಾಣ.

ಕುರುಗೋಡಿನ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಸಂಪಾದಿಸಿದವರು ಲಂಡನ್ನಿನ ಎಲ್. ಡಿ. ಬಾರ್ನೆಟ್. ಅಷ್ಟು ದೂರದಲ್ಲಿದ್ದವರು ಕಲ್ಲನ್ನು ಓದಬೇಕಾದರೆ ಇಲ್ಲಿ ಯಾರೋ ಅದರ ಪಡಿಯಚ್ಚು ತೆಗೆದಿರಲೇಬೇಕು. ಅಚ್ಚು ತೆಗೆದವನು ಕರ್ತೃವಲ್ಲ, ಆದರೆ ಸ್ಮರಣೀಯ. ಈ ವಿವೇಕ ಕನ್ನಡ ಶಾಸನಗಳಿಗೆ ಹೊಸದಲ್ಲ. ರಚಿಸಿದ ಕವಿ, ಬರೆದ ಲಿಪಿಕಾರ, ಕಂಡರಿಸಿದ ರೂವಾರಿ ಇವರನ್ನು ಎಷ್ಟೋ ಶಾಸನಗಳು ಬೇರೆ ಬೇರೆಯಾಗಿಯೇ ಹೆಸರಿಸುತ್ತವೆ. ರೂವಾರಿಯನ್ನು ಕವಿಯೆಂದು ಕರೆಯಲಿಲ್ಲ. ಅವನ ಹೆಸರನ್ನು ಮರೆಯಲೂ ಇಲ್ಲ.

1898ರಲ್ಲಿ ಕೆ. ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ನೃಪತುಂಗನ ಕೃತಿಯೆಂದು ಪ್ರಕಟಿಸಿದರು. ಕೃತಿಯಾದರೋ ತನ್ನನ್ನು ನೃಪತುಂಗನ ‘ಅನುಮತ’ವೆಂದು ಹೇಳಿಕೊಳ್ಳುತ್ತದೆ. ಶ್ರೀವಿಜಯನೇ ಕರ್ತೃವೆಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ನಿರ್ಣಯ. ಅರಸನ ಒಪ್ಪಿಗೆಯನ್ನು ಅರಸನ ರಚನೆಯೆಂದು ಎಣಿಸಿದ ಆ ಭ್ರಮೆಯೇ, ವಿಭಾಗದ ಮುಖ್ಯಸ್ಥರ ಹೆಸರನ್ನು ಪ್ರತಿ ಪ್ರಬಂಧಕ್ಕೂ ಸೇರಿಸುವ ರೂಢಿಯಾಗಿ ಇಂದಿಗೂ ಉಳಿದಿದೆ.

ಕೃತ, ಕಾರಿತ, ಅನುಮತ ಮೂರಕ್ಕೂ ಫಲವುಂಟೆಂದು ತತ್ತ್ವಾರ್ಥಸೂತ್ರ ಹೇಳುವುದಿಲ್ಲವೇ ಎಂದು ಆ ರೂಢಿಯ ಸಮರ್ಥಕರು ಕೇಳಬಹುದು. ಮೂರೂ ಒಂದೇ ಆಗಿದ್ದರೆ ಮೂರು ಪದಗಳು ಬೇಕಿರಲಿಲ್ಲ. ಅನುಮತಿಸಿದವನು ಕರ್ಮಕ್ಕೆ ಹೊಣೆಗಾರನಾಗುತ್ತಾನೆ. ಅಷ್ಟರಿಂದಲೇ ಅದನ್ನು ಮಾಡಿದವನಾಗುವುದಿಲ್ಲ. ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮವೂ ಇದನ್ನೇ ಹೇಳುತ್ತದೆ: ಗಣನೀಯ ಸಂಶೋಧನೆ, ಬರವಣಿಗೆ ಅಥವಾ ವಿಮರ್ಶಾತ್ಮಕ ತಿದ್ದುಪಡಿ, ಅಂತಿಮ ಒಪ್ಪಿಗೆ, ಹೊಣೆಗಾರಿಕೆ ಈ ನಾಲ್ಕೂ ಕೂಡಿದಾಗಲೇ ಕರ್ತೃತ್ವ. ಕೊನೆಯದು ಸೇರಿದ್ದು 2013ರಲ್ಲಿ. ಕೀರ್ತಿಗೆ ಮುಂದಾಗಿ, ಅಂಕಿಅಂಶ ಸುಳ್ಳೆಂದು ತಿಳಿದೊಡನೆ ‘ನಾನು ನೋಡಿರಲಿಲ್ಲ’ ಎನ್ನುವ ಮಾರ್ಗದರ್ಶಕನಿಗೆ ಅಲ್ಲಿ ಎಡೆಯಿಲ್ಲ.

ಶಿಷ್ಯನೇ ಒಪ್ಪಿ ಬಿಟ್ಟುಕೊಟ್ಟನೆಂಬ ಸಮಾಧಾನವೂ ನಿಲ್ಲದು. ಪದವಿಯ ಭಯದಿಂದ ಬಿಟ್ಟುಕೊಟ್ಟದ್ದು ದಾನವಲ್ಲ. ಅದನ್ನು ಸ್ವೀಕರಿಸುವುದು ಅದತ್ತಾದಾನವೇ.