ಹುಡುಗರನ್ನು ಬೆಳೆಸಿದ ಕೋಚ್: ದ್ರಾವಿಡ್ ತರಬೇತಿಯ ಒಂದು ಮೌಲ್ಯಮಾಪನ

2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಮಣಿಸಿ ಭಾರತ ಟಿ20 ವಿಶ್ವಕಪ್ ಎತ್ತಿದಾಗ, ರಾಹುಲ್ ದ್ರಾವಿಡ್ ಅವರ ಕೋಚ್ ಬದುಕು ಸಾರ್ಥಕವಾಯಿತು ಎಂದು ಎಲ್ಲರೂ ಹಾಡಿ ಹೊಗಳಿದರು. ಸಂಭ್ರಮ ಸಹಜವೇ. ಆದರೆ ಅವರ ನಿಜವಾದ ದೊಡ್ಡ ಕೆಲಸ ಅದಕ್ಕೆ ಎಷ್ಟೋ ಮೊದಲು, ಟಿವಿ ಕ್ಯಾಮೆರಾಗಳು ಅಷ್ಟಾಗಿ ತಿರುಗದ ಕಡೆ, ಕಾಲೇಜು ವಯಸ್ಸಿನ ಹುಡುಗರ ನಡುವೆ ಆಗಿಹೋಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

2015ರಲ್ಲಿ ಅವರು ಭಾರತ 'ಎ' ಮತ್ತು 19 ವರ್ಷದೊಳಗಿನವರ ತಂಡಗಳ ಹೊಣೆ ಹೊತ್ತರು. ಅದೇ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಡುತ್ತ, ಕಿರಿಯರ ಕ್ರಿಕೆಟ್ಟಿನಲ್ಲಿ ವಯಸ್ಸು ಮುಚ್ಚಿಟ್ಟು ಆಡಿಸುವ ಚಾಳಿಯನ್ನೂ ಗೆಲುವಿನ ಹುಚ್ಚನ್ನೂ ನೇರವಾಗಿ ಖಂಡಿಸಿದರು. ಆ ಮಾತು ವೇದಿಕೆಯಲ್ಲೇ ಉಳಿಯಲಿಲ್ಲ. ಒಬ್ಬ ಹುಡುಗನಿಗೆ ಕಿರಿಯರ ವಿಶ್ವಕಪ್ ಒಂದೇ ಸಲ ಎಂಬ ನಿಯಮ ಅವರ ಕಾಲದಲ್ಲಿ ಬಂತು. ಪಳಗಿದ ಆಟಗಾರನನ್ನು ಎರಡನೆಯ ಸಲ ಕಣಕ್ಕಿಳಿಸಿದರೆ ಕಪ್ ಹತ್ತಿರವಾಗುತ್ತದೆ, ಆದರೆ ಹೊಸಬನೊಬ್ಬನ ಜಾಗ ಹೋಗುತ್ತದೆ. ದ್ರಾವಿಡ್ ಹೊಸಬನ ಪರ ನಿಂತರು. 'ಎ' ತಂಡದ ಪ್ರವಾಸಕ್ಕೆ ಬಂದ ಯಾರೂ ಆಡದೆ ಹಿಂತಿರುಗಬಾರದೆಂದು ಕಟ್ಟುನಿಟ್ಟು ಮಾಡಿದರು. ಪ್ರವಾಸಕ್ಕೆ ಹೋಗಿಯೂ ಬೆಂಚಿನಲ್ಲಿ ಕೂತು ಬರುವ ನೋವನ್ನು ಎಳೆಯ ವಯಸ್ಸಿನಲ್ಲಿ ಅವರೇ ಉಂಡಿದ್ದರು.

ಇದರ ಫಲ ಕಾಣಲು ಬಹಳ ಕಾಯಬೇಕಾಗಲಿಲ್ಲ. 2016ರ ಕಿರಿಯರ ವಿಶ್ವಕಪ್ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ಸೋತ ತಂಡದಲ್ಲಿ ರಿಷಭ್ ಪಂತ್, ವಾಷಿಂಗ್ಟನ್ ಸುಂದರ್ ಇದ್ದರು. 2018ರಲ್ಲಿ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಸೋಲಿಸಿ ಕಪ್ ಗೆದ್ದ ತಂಡದಲ್ಲಿ ಶುಭಮನ್ ಗಿಲ್ ಇದ್ದರು. 2021ರ ಜನವರಿಯಲ್ಲಿ ಬ್ರಿಸ್ಬೇನ್‌ನ ಗಾಬಾದಲ್ಲಿ ಆಸ್ಟ್ರೇಲಿಯಾ ಎದುರು ಭಾರತ ಗೆದ್ದ ಟೆಸ್ಟ್‌ನಲ್ಲಿ ಪಂತ್ ಔಟಾಗದೆ 89, ಗಿಲ್ 91, ಮೊದಲ ಟೆಸ್ಟ್ ಆಡುತ್ತಿದ್ದ ಸುಂದರ್ 62 ರನ್ ಹೊಡೆದರು. ಸೋತ ಫೈನಲ್ಲೂ ಗೆದ್ದ ಫೈನಲ್ಲೂ ಆ ಪಂದ್ಯಕ್ಕೆ ಆಟಗಾರರನ್ನು ಒದಗಿಸಿದ್ದವು.

ಹಣದ ವಿಷಯದಲ್ಲೂ ಅವರ ನಡೆ ಇದೇ ಜಾಡಿನದು. 2018ರ ಗೆಲುವಿಗೆ ಕ್ರಿಕೆಟ್ ಮಂಡಳಿ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತ್ತು. ಅವರು ಒಪ್ಪಲಿಲ್ಲ, ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷವಾಯಿತು.

ಇನ್ನು ಕೊರತೆಗಳು. 2021ರ ನವೆಂಬರಿನಿಂದ ಹಿರಿಯರ ತಂಡದ ಕೋಚ್ ಆದ ಅವಧಿ ಏಳುಬೀಳಿನದು. 2022ರ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 10 ವಿಕೆಟ್ ಸೋಲು, 2023ರ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ 209 ರನ್ ಸೋಲು, ಅದೇ ವರ್ಷದ ಏಕದಿನ ವಿಶ್ವಕಪ್‌ನಲ್ಲಿ ಸತತ ಹತ್ತು ಪಂದ್ಯ ಗೆದ್ದು ಅಹಮದಾಬಾದಿನ ಫೈನಲ್‌ನಲ್ಲಿ ಮುಗ್ಗರಿಸಿದ ನೋವು. ಕಿರಿಯರಲ್ಲೂ ಎಲ್ಲರೂ ದಡ ಸೇರಲಿಲ್ಲ. 2018ರಲ್ಲಿ ಬಿರುಸಿನ ವೇಗದಿಂದ ಬೆರಗು ಹುಟ್ಟಿಸಿದ ಕಮಲೇಶ್ ನಾಗರಕೋಟಿ ಗಾಯಗಳಿಂದ ನಲುಗಿದರು. ಹತ್ತೊಂಬತ್ತರ ನಂತರದ ಮೂರ್ನಾಲ್ಕು ವರ್ಷ ಹುಡುಗನ ಕೈ ಹಿಡಿಯುವವರು ಯಾರು ಎಂಬ ಪ್ರಶ್ನೆಗೆ ದ್ರಾವಿಡ್ ಕಟ್ಟಿದ ಏರ್ಪಾಡಿನಲ್ಲೂ ಪೂರ್ಣ ಉತ್ತರವಿಲ್ಲ.

ಅದಕ್ಕಿಂತ ದೊಡ್ಡ ಮಿತಿ ನಮ್ಮ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಂಥ ಊರಿನಿಂದ ನೋಡಿದಾಗ ಕಾಣುತ್ತದೆ. ಮಾರಮ್ಮನ ಜಾತ್ರೆಗೆ ನಾಡೆಲ್ಲ ಹೆಸರಾದ ಈ ಸೀಮೆಯಲ್ಲಿ ಶೇಂಗಾ ಕಿತ್ತ ಹೊಲವೇ ಮೈದಾನ, ಟೆನಿಸ್ ಚೆಂಡೇ ಚೆಂಡು. ಬೀದಿಯಲ್ಲಿ ಆಡಿದರೆ ಆಟದ ಪ್ರೀತಿ ಹುಟ್ಟುತ್ತದೆ, ಕ್ರಿಕೆಟಿಗ ಹುಟ್ಟುವುದಿಲ್ಲ. ಒಳ್ಳೆಯ ಪಿಚ್ಚು, ತಕ್ಕ ತರಬೇತಿ, ದೇಹದ ಆರೈಕೆ ಬೇಕು ಎಂದು ದ್ರಾವಿಡ್ ಅವರೇ ಹೇಳಿದ್ದಾರೆ. ಆದರೆ ಅವರ ಕೈಗೆ ಬರುವ ಹೊತ್ತಿಗೆ ಹುಡುಗ ಹತ್ತಾರು ಆಯ್ಕೆಗಳ ಜರಡಿ ದಾಟಿರುತ್ತಿದ್ದ. ಚಳ್ಳಕೆರೆಗೆ ಬಸ್ಸಿನಲ್ಲಿ ಹೋಗಿ ಪದವಿ ಓದುವ ಹುಡುಗನಿಗೆ ಸಿಗುವ ಕೋಚ್ ಎಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಓಟ, ಎಲ್ಲವೂ ಅವರ ತಲೆಯ ಮೇಲೆಯೇ. ಸಂಜೆ ಅಭ್ಯಾಸಕ್ಕೆ ನಿಂತರೆ ಊರಿನ ಬಸ್ಸು ತಪ್ಪುತ್ತದೆ. ವರ್ಷದ ಕೊನೆಗೆ ಅವರನ್ನು ಕೇಳುವ ಪ್ರಶ್ನೆಯೂ ಒಂದೇ: ವಿಶ್ವವಿದ್ಯಾಲಯ ಮಟ್ಟದಲ್ಲಿ ಎಷ್ಟು ಬಹುಮಾನ ಬಂತು? ಹೀಗೆ ಕೇಳಿದರೆ ಆಗಲೇ ಆಡಲು ಬಲ್ಲ ಹತ್ತು ಹುಡುಗರನ್ನೇ ಎಲ್ಲ ಆಟಕ್ಕೂ ಹಚ್ಚುವುದು ಅವರಿಗೆ ಅನಿವಾರ್ಯವಾಗುತ್ತದೆ.

ದ್ರಾವಿಡ್ ಅವರಿಂದ ನಮ್ಮ ಕಾಲೇಜುಗಳು ಎತ್ತಿಕೊಳ್ಳಬೇಕಾದುದು ಇಲ್ಲಿದೆ, ಮತ್ತು ಅದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ತಂಡಕ್ಕೆ ಬಂದವರೆಲ್ಲ ಆಡಲಿ, ಪ್ರತಿ ವರ್ಷ ಹೊಸಬರಿಗೆ ಜಾಗವಿರಲಿ. ಕೋಚ್‌ನ ವರದಿಯಲ್ಲಿ ಬಹುಮಾನಗಳ ಪಕ್ಕದಲ್ಲೇ ಆ ವರ್ಷ ಮೊದಲ ಸಲ ಕಣಕ್ಕಿಳಿದ ಹುಡುಗ ಹುಡುಗಿಯರ ಲೆಕ್ಕವೂ ಇರಲಿ. ಬಾರ್ಬಡೋಸ್‌ನ ಕಪ್ಪಿಗಾಗಿ ದ್ರಾವಿಡ್ ಅವರನ್ನು ಮೆಚ್ಚುವುದು ಸುಲಭ. ಅವರು ಕಿರಿಯರಿಗೆ ಮಾಡಿದ ನಿಯಮವನ್ನು ನಮ್ಮ ತಾಲ್ಲೂಕಿನ ಮೈದಾನದಲ್ಲಿ ಪಾಲಿಸುವುದು ಕಷ್ಟ, ಮತ್ತು ಅವರಿಗೆ ಸಲ್ಲಬೇಕಾದ ಗೌರವ ಅದೇ.