ಮೂಲಬೆಲೆಯ ಕಾಲಜ್ಞಾನ

2024ರ ನವೆಂಬರ್ 25. ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದ ಹೋಟೆಲ್ಲಿನಲ್ಲಿ ಐದಾರು ಹುಡುಗರು ಒಂದೇ ಮೊಬೈಲಿಗೆ ತಲೆ ಜೋಡಿಸಿ ಕೂತಿದ್ದರು. ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್ ಹರಾಜಿನ ಎರಡನೇ ದಿನ. ದೊಡ್ಡ ಹೆಸರುಗಳೆಲ್ಲ ಹಿಂದಿನ ದಿನವೇ ಮುಗಿದಿದ್ದವು. ರಿಷಭ್ ಪಂತ್ 27 ಕೋಟಿಗೆ ಲಖನೌ ಪಾಲಾಗಿದ್ದರು. ಕೆ.ಎಲ್. ರಾಹುಲ್ ಬೆಂಗಳೂರಿಗೆ ಬರುತ್ತಾರೆಂದು ಕಾದವರಿಗೆ ಅವರು 14 ಕೋಟಿಗೆ ದೆಹಲಿಗೆ ಹೋದದ್ದು ನುಂಗಲಾರದ ತುತ್ತಾಗಿತ್ತು. ಈ ಹುಡುಗರು ಕಾಯುತ್ತಿದ್ದದ್ದು ಅಂಥ ಹೆಸರಿಗಲ್ಲ. ರಾಯಚೂರಿನ ಮನೋಜ್ ಭಾಂಡಗೆಯವರನ್ನು ರಾಯಲ್ ಚಾಲೆಂಜರ್ಸ್ 30 ಲಕ್ಷಕ್ಕೆ, ಅಂದರೆ ಮೂಲಬೆಲೆಗೆ, ಮತ್ತೆ ಕೊಂಡುಕೊಂಡಿತು. ಹೋಟೆಲ್ಲಿನಲ್ಲಿ ಒಂದು ಕೂಗು ಎದ್ದಿತು.

"ಬಂದ ನೋಡ್ರಪಾ ನಮ್ಮ ಕಡಿ ಹುಡುಗ!"

ಗಲ್ಲೆಯಲ್ಲಿ ಕೂತಿದ್ದ ಹಿರಿಯರು ತಲೆ ಎತ್ತದೆ ಕೇಳಿದರು, "ಈ ವರ್ಷರ ಆಡಸ್ತಾರೇನೊ?"

"ಆಡಸ್ತಾರ ಕಾಕಾ, ಯಾಕ ಆಡಸಂಗಿಲ್ಲ?"

ಆ ಕಡೆಯ ಉತ್ತರದಲ್ಲಿ ಪ್ರಶ್ನೆಯೂ ಇತ್ತು, ನಂಬಿಕೆಯೂ ಇತ್ತು. ಅಂದಿನಿಂದ ಅದು ನನ್ನ ಕಿವಿಯಲ್ಲಿ ಉಳಿದಿದೆ. ನಾನು ಕಾಲಜ್ಞಾನ ಸಾಹಿತ್ಯವನ್ನು ಓದುವ ಸಂಶೋಧನಾ ವಿದ್ಯಾರ್ಥಿ. ಬರಲಿರುವವನ ಬಗ್ಗೆ ಜನ ಹೇಗೆ ಮಾತಾಡುತ್ತಾರೆ ಎಂಬುದೇ ನನ್ನ ವಿಷಯ. ಹಸ್ತಪ್ರತಿಗಳಲ್ಲಿ ಹುಡುಕುತ್ತಿದ್ದ ದನಿ ಚಹಾದ ಹೋಟೆಲ್ಲಿನಲ್ಲೂ ಕೇಳಬಹುದೆಂದು ನನಗೆ ಆವರೆಗೆ ಹೊಳೆದಿರಲಿಲ್ಲ.

ಹರಾಜಿನ ಕೊನೆಕೊನೆಗೆ ಕಡಿಮೆ ಬೆಲೆಗೆ ಹೋಗುವ ಆಟಗಾರನ ಸುತ್ತ ಅಭಿಮಾನಿಗಳು ಕಟ್ಟುವ ನಿರೀಕ್ಷೆಯನ್ನು ಒಂದು ಕಥನ ಪ್ರಕಾರವೆಂದೇ ಓದಬಹುದು. ಅದಕ್ಕೆ ತನ್ನದೇ ನಿಯಮಗಳಿವೆ. ಮೊದಲನೆಯದು ಮೂಲದ ನಿಯಮ: ನಾಯಕ ನಮ್ಮ ಕಡೆಯವನಾಗಿರಬೇಕು, ದೊಡ್ಡವರ ಕಣ್ಣಿಗೆ ಬಿದ್ದಿರಬಾರದು. ಎರಡನೆಯದು ಸಾಕ್ಷಿಯ ನಿಯಮ: ಅವನ ಶಕ್ತಿ ಒಂದು ಸಲ, ಒಂದೇ ಸಲವಾದರೂ, ಬೆಳಗಿರಬೇಕು. ಭಾಂಡಗೆಯವರ ವಿಷಯದಲ್ಲಿ ಆ ಸಾಕ್ಷಿ 2024ರ ಸೆಪ್ಟೆಂಬರ್ 1ರ ಮಹಾರಾಜ ಟ್ರೋಫಿ ಫೈನಲ್. ಅಂದು ಮೈಸೂರು ವಾರಿಯರ್ಸ್ ಪರ ಅವರು 13 ಎಸೆತಗಳಲ್ಲಿ 44 ರನ್ ಹೊಡೆದರು, ತಂಡ ಕಪ್ ಗೆದ್ದಿತು. ಆ ಆಟದ ತುಣುಕನ್ನು ನನಗೆ ಎಷ್ಟು ಜನ ಕಳಿಸಿದರೋ ಲೆಕ್ಕವಿಲ್ಲ. ಮೂರನೆಯದು ಮುಂದೂಡಿಕೆಯ ನಿಯಮ: ಇವತ್ತು ಆಡಿಸಲಿಲ್ಲವೇ, ಮುಂದಿನ ಪಂದ್ಯಕ್ಕೆ. ಈ ವರ್ಷ ಇಲ್ಲವೇ, ಬರುವ ವರ್ಷಕ್ಕೆ. 2022ರ ಡಿಸೆಂಬರ್‌ನಲ್ಲಿ ಕೊಚ್ಚಿಯ ಹರಾಜಿನಲ್ಲಿ 20 ಲಕ್ಷಕ್ಕೆ ಆರ್‌ಸಿಬಿ ಸೇರಿದ ಭಾಂಡಗೆ 2023ರಲ್ಲಿ ಆಡಲಿಲ್ಲ, 2024ರಲ್ಲೂ ಆಡಲಿಲ್ಲ. ನಿರೀಕ್ಷೆ ಮಾತ್ರ ಒಣಗಲಿಲ್ಲ. ಪರೀಕ್ಷೆಗೆ ಒಳಗಾಗದ ಭವಿಷ್ಯವಾಣಿಗೆ ಸೋಲೆಂಬುದೇ ಇಲ್ಲವಲ್ಲ.

ಈ ನೆಲಕ್ಕೆ ಇಂಥ ಮಾತು ಹೊಸದಲ್ಲ. ಹಿಂದೆ ಸುರಪುರ ತಾಲ್ಲೂಕಿನಲ್ಲಿದ್ದ, ಈಗ ಹುಣಸಗಿಗೆ ಸೇರಿದ ಕೊಡೇಕಲ್ಲು ಕಾಲಜ್ಞಾನ ಪರಂಪರೆಯ ದೊಡ್ಡ ಕೇಂದ್ರ. ಹದಿನಾರನೇ ಶತಮಾನದ ಕೊಡೇಕಲ್ಲ ಬಸವಣ್ಣನ ಹೆಸರಿನಲ್ಲಿ ಉಳಿದಿರುವ ವಾಙ್ಮಯದಲ್ಲಿ ಮುಂದೆ ಬರಲಿರುವ ಕಾಲದ ಮಾತು ಮತ್ತೆ ಮತ್ತೆ ಬರುತ್ತದೆ. ಕನ್ನಡದ ಕಾಲಜ್ಞಾನಗಳಲ್ಲಿ ಹಾಳಾದ ಕಲ್ಯಾಣ ಮತ್ತೆ ಕಟ್ಟಲ್ಪಡುತ್ತದೆ, ವೀರವಸಂತರಾಯ ಬರುತ್ತಾನೆ. ಅತ್ತ ಹೂವಿನಹಡಗಲಿಯ ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ಒಂದೇ ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಆ ಒಂದು ಸಾಲನ್ನು ರೈತ ಮಳೆಗೆ ಹಚ್ಚುತ್ತಾನೆ, ವ್ಯಾಪಾರಿ ಧಾರಣೆಗೆ ಹಚ್ಚುತ್ತಾನೆ, ರಾಜಕಾರಣಿ ಕುರ್ಚಿಗೆ ಹಚ್ಚುತ್ತಾನೆ. ಹದಿಮೂರು ಎಸೆತದ ವಿಡಿಯೊ ತುಣುಕು ನಮ್ಮ ಹುಡುಗರ ಕಾರಣಿಕ. ಅದು ಚಿಕ್ಕದಾಗಿರುವುದೇ ಅದರ ಬಲ. ಮೂರು ಗಂಟೆಯ ಆಟ ನೋಡಿದವನಿಗೆ ಅನುಮಾನ ಬರುತ್ತದೆ, ಮೂವತ್ತು ಸೆಕೆಂಡು ನೋಡಿದವನಿಗೆ ಬರುವುದಿಲ್ಲ.

ಅಮೆರಿಕನ್ ಫುಟ್‌ಬಾಲಿನಲ್ಲಿ ಈ ಕಥನಕ್ಕೆ ಪುರಾಣದ ಸ್ಥಾನವೇ ಸಿಕ್ಕಿದೆ. ಅಲ್ಲಿ ಹರಾಜಿಲ್ಲ, ಡ್ರಾಫ್ಟ್ ಇದೆ. ಏಳು ಸುತ್ತುಗಳಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುತ್ತವೆ, ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. 2000ದಲ್ಲಿ ಆರನೇ ಸುತ್ತಿನಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದ. ಕಟ್ಟಕಡೆಗೆ ಆಯ್ಕೆಯಾದವನನ್ನು ಅಲ್ಲಿ ‘ಲೆಕ್ಕಕ್ಕಿಲ್ಲದ ಮಹಾಶಯ’ ಎಂಬರ್ಥದ ಹೆಸರಿನಿಂದ ತಮಾಷೆ ಮಾಡುತ್ತಾರೆ. 2022ರಲ್ಲಿ 262ನೆಯವನಾಗಿ ಆ ಹೆಸರು ಹೊತ್ತ ಬ್ರಾಕ್ ಪರ್ಡಿ ಎರಡೇ ವರ್ಷದೊಳಗೆ ಸೂಪರ್ ಬೌಲ್ ಆಡಿದ. ಕಡೆಯ ಸುತ್ತಿನ ಪ್ರತಿ ಹುಡುಗನ ಹಿಂದೆಯೂ ಅಲ್ಲಿನ ಅಭಿಮಾನಿ ಒಬ್ಬ ಬ್ರೇಡಿಯನ್ನು ಕಾಣುತ್ತಾನೆ. 198ನೆಯವನು ಯಾರು, 200ನೆಯವನು ಏನಾದ ಎಂದು ಯಾರೂ ಕೇಳುವುದಿಲ್ಲ. ಈ ಪ್ರಕಾರದ ದೊಡ್ಡ ಸುಳ್ಳು ಇದೇ: ಉಳಿದುಬಂದವನ ಕಥೆಯನ್ನು ಎಲ್ಲರ ಕಥೆಯೆಂದು ಹೇಳುವುದು.

ಆದರೆ ಒಂದು ವ್ಯತ್ಯಾಸವಿದೆ. ಡ್ರಾಫ್ಟ್‌ನಲ್ಲಿ ಸೋತವನಿಗೆ ಮೊದಲ ಪಾಲು. ಅಲ್ಲಿನ ಅಭಿಮಾನಿಯ ನಿರೀಕ್ಷೆ ತನ್ನ ತಂಡದ ಕೊರತೆಯಿಂದ ಹುಟ್ಟುತ್ತದೆ. ನಮ್ಮ ಹರಾಜಿನಲ್ಲಿ ದುಡ್ಡಿಗೆ ಮೊದಲ ಪಾಲು. ಪಂತ್ ಬೆಲೆ ಭಾಂಡಗೆ ಬೆಲೆಯ ತೊಂಬತ್ತು ಪಟ್ಟು. ಶಹಾಪುರದ ಹುಡುಗರ ನಿರೀಕ್ಷೆ ತಂಡದ ಕೊರತೆಯಿಂದ ಹುಟ್ಟಿದ್ದಲ್ಲ, ತಮ್ಮ ನೆಲದ ಕೊರತೆಯಿಂದ ಹುಟ್ಟಿದ್ದು. ಸಂವಿಧಾನದ 371(ಜೆ) ನಮ್ಮ ಭಾಗಕ್ಕೆ ಕಾಲೇಜು ಸೀಟು, ಸರ್ಕಾರಿ ನೌಕರಿಗಳಲ್ಲಿ ಮೀಸಲು ಕೊಟ್ಟಿದೆ. ಐಪಿಎಲ್ಲಿನ ಆರಂಭದಲ್ಲಿ ಸುತ್ತಲಿನ ಸೀಮೆಯ ಆಟಗಾರರನ್ನು ತಂಡದಲ್ಲಿ ಇಟ್ಟುಕೊಳ್ಳಬೇಕೆಂಬ ನಿಯಮವಿತ್ತು, ಅದು ಹೋಗಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ ಎಂದು ಹೆಸರಿಟ್ಟಾಗ ಕಾಲಜ್ಞಾನ ಓದುವ ನನಗೆ ನಗು ಬಂದಿತ್ತು. ಮತ್ತೆ ಕಟ್ಟಬೇಕಾಗಿದ್ದ ಕಲ್ಯಾಣ ಮೊದಲು ನಾಮಫಲಕದಲ್ಲಿ ಬಂದಿತ್ತು.

ಕ್ರಿಕೆಟ್ಟಿನಲ್ಲೂ ಹಾಗೆಯೇ. 2022ರಲ್ಲಿ ಮಹಾರಾಜ ಟ್ರೋಫಿಯ ಮೊದಲ ಕಪ್ ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್. ಆ ತಂಡದಲ್ಲಿ ಭಾಂಡಗೆಯೂ ಇದ್ದರು. ನಾವು ಯಾದಗಿರಿಯಲ್ಲಿ ಪಟಾಕಿ ಹೊಡೆದೆವು. ಆದರೆ ಆ ವರ್ಷ ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಮುಂದಿನ ಎರಡು ವರ್ಷ ಬೆಂಗಳೂರಿನಲ್ಲಿ, 2025ರಲ್ಲಿ ಮೈಸೂರಿನಲ್ಲಿ. ಗುಲ್ಬರ್ಗದ ಹೆಸರಿನ ತಂಡಕ್ಕೆ ಗುಲ್ಬರ್ಗದಲ್ಲಿ ಒಂದು ಪಂದ್ಯವೂ ಇಲ್ಲ. ನಾನು ಆಡಿ ಬೆಳೆದದ್ದು ಕರಿಮಣ್ಣಿನ ಬಯಲಿನಲ್ಲಿ. ಬೇಸಿಗೆಯಲ್ಲಿ ಬಿರುಕಿನೊಳಗೆ ಚೆಂಡು ಇಳಿಯುತ್ತಿತ್ತು, ಮಳೆಗಾಲದಲ್ಲಿ ಚಪ್ಪಲಿ ಕಿತ್ತು ಬರುತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಬೌಲ್ ಮಾಡುತ್ತಿದ್ದವನು ಹದಿನೇಳಕ್ಕೆ ಬೆಂಗಳೂರಿಗೆ ಹೋದ, ಸೆಂಟ್ರಿಂಗ್ ಕೆಲಸಕ್ಕೆ. ಅವನನ್ನು ನೋಡಲು ಯಾವ ಆಯ್ಕೆಗಾರನೂ ಬರಲಿಲ್ಲ. ಬರಬೇಕಾದ ದಾರಿಯೇ ಇರಲಿಲ್ಲ.

ಇಷ್ಟು ಬರೆದ ಮೇಲೆ ನನ್ನ ಮೊದಲ ತೀರ್ಮಾನ ಸುಲಭವಾಗಿತ್ತು: ಈ ನಿರೀಕ್ಷೆ ಒಂದು ಮತ್ತು. ಮೈದಾನ ಕೇಳಬೇಕಾದವರು ಒಬ್ಬ ಹುಡುಗನಿಗಾಗಿ ಹರಕೆ ಹೊರುತ್ತಾರೆ. ಹಾಗೆ ಬರೆದು ಲೇಖನ ಮುಗಿಸಬಹುದಿತ್ತು. 2025ರ ಏಪ್ರಿಲ್ 18ರ ಸಂಜೆ ಅದನ್ನು ಕೆಡಿಸಿತು.

ಅಂದು ಚಿನ್ನಸ್ವಾಮಿಯಲ್ಲಿ ಮಳೆ. ಪಂಜಾಬ್ ವಿರುದ್ಧದ ಪಂದ್ಯ 14 ಓವರಿಗೆ ಇಳಿದಿತ್ತು. ವಿಕೆಟ್‌ಗಳು ಒಂದರ ಹಿಂದೊಂದು ಉದುರುತ್ತಿದ್ದಾಗ ಭಾಂಡಗೆಯವರನ್ನು ಇಂಪ್ಯಾಕ್ಟ್ ಆಟಗಾರನಾಗಿ ಇಳಿಸಿದರು. ಮೂರನೇ ವರ್ಷಕ್ಕೆ ಮೊದಲ ಪಂದ್ಯ. ಮಾರ್ಕೊ ಯಾನ್ಸನ್ ಎಸೆತಕ್ಕೆ ಎಲ್‌ಬಿಡಬ್ಲ್ಯು, ಒಂದೇ ರನ್. ಟಿಮ್ ಡೇವಿಡ್ ಒಬ್ಬರೇ ನಿಂತು ಅರ್ಧಶತಕ ಹೊಡೆದು ತಂಡವನ್ನು 95ಕ್ಕೆ ಮುಟ್ಟಿಸಿದರು, ಪಂಜಾಬ್ ಗೆದ್ದಿತು.

ನಾನು ಅದೇ ಹೋಟೆಲ್ಲಿನಲ್ಲಿದ್ದೆ. ಬೈಗುಳ ಬರುತ್ತದೆಂದು ಕಾದೆ. ಒಬ್ಬ ಹುಡುಗ ಅಂದ: "ಕಾಕಾ, ಮುಂದ ಆಡೋರೆಲ್ಲಾ ಔಟಾಗಿ ಹೋದಮ್ಯಾಲ ನಮ್ಮವನ್ನ ನೆನಸ್ಕೊಂಡ್ರು ನೋಡ್ರಿ." ಇನ್ನೊಬ್ಬ: "ನಮಗ ಯಾವತ್ತೂ ಹಂಗ ಕರೀತಾರಲ್ಲೋ."

ಆ ಎರಡು ಮಾತಿನಲ್ಲಿ ಮತ್ತು ಇರಲಿಲ್ಲ. ಅವರು ಆಟಗಾರನನ್ನು ದೂರಲಿಲ್ಲ, ಕರೆದ ರೀತಿಯನ್ನು ಓದಿದರು. ಆಗ ಕಾಲಜ್ಞಾನದ ಬಗ್ಗೆ ನಾನು ಮಾಡುತ್ತಿದ್ದ ತಪ್ಪೂ ತಿಳಿಯಿತು. ವೀರವಸಂತರಾಯ ಯಾವ ವರ್ಷ ಬರುತ್ತಾನೆ, ಬಂದನೋ ಇಲ್ಲವೋ ಎಂದು ನೋಡುವುದು ಆ ಸಾಹಿತ್ಯದ ಬಡ ಓದು. ಮುಂದೆ ಬರುವುದರ ಹೆಸರಿನಲ್ಲಿ ಅದು ಈಗ ಇಲ್ಲದಿರುವುದನ್ನು ಪಟ್ಟಿ ಮಾಡುತ್ತದೆ. ದೊರೆಗಳ ಅನ್ಯಾಯ, ಬರಗಾಲ, ಕೆಟ್ಟ ನಡತೆ ಎಲ್ಲ ಅಲ್ಲಿ ಬರುವುದು ಅದಕ್ಕೇ. ಭವಿಷ್ಯವಾಣಿ ಅದರ ಹೊದಿಕೆ, ಒಳಗಿರುವುದು ತಕರಾರು. ‘ನಮ್ಮ ಕಡಿ ಹುಡುಗ ಆಡ್ತಾನ’ ಎಂಬ ಮಾತನ್ನೂ ಹಾಗೆ ಓದಬೇಕು. ನಮ್ಮ ಕಡೆ ಆಟವಿದೆ, ಮೈದಾನವಿಲ್ಲ ಎಂಬ ತಕರಾರಿಗೆ ಹುಡುಗರಿಗೆ ಸಿಕ್ಕ ಭಾಷೆ ಅದು.

ಹಾಗೆಂದು ಈ ನಿರೀಕ್ಷೆಯನ್ನು ಪೂಜಿಸಬೇಕಾಗಿಲ್ಲ. ವರ್ಷಗಳಿಂದ ಹೇಳಿಕೊಂಡು ಬಂದ ‘ಕಪ್ ನಮ್ದೇ’ 2025ರ ಜೂನ್ 3ರಂದು ನಿಜವಾಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ತಕರಾರು ಕಳೆದುಕೊಂಡು ಬರೀ ಜಯಘೋಷವಾದ ನಿರೀಕ್ಷೆ ತನ್ನವರನ್ನೇ ಕಾಯಲಾರದು. ಅಲ್ಲಿ ನೆರೆದವರಿಗೆ ಬಾಗಿಲು, ದಾರಿ, ಲೆಕ್ಕ ಇದ್ದವೇ ಎಂದು ಕೇಳಬೇಕಾದ ಹೊತ್ತಿನಲ್ಲಿ ನಾವೆಲ್ಲ ಕುಣಿಯುತ್ತಿದ್ದೆವು, ನಾನೂ ಸೇರಿ.

ಆ ನವೆಂಬರಿನಲ್ಲಿ ಆರ್‌ಸಿಬಿ ಭಾಂಡಗೆಯವರನ್ನು ಬಿಟ್ಟುಕೊಟ್ಟಿತು. ಹೋಟೆಲ್ಲಿಗೆ ಹೋದಾಗ ಹುಡುಗರು ಆಗಲೇ ಇನ್ನೊಬ್ಬನ ತುಣುಕು ನೋಡುತ್ತಿದ್ದರು, ವಲಯ ಮಟ್ಟದಲ್ಲಿ ಆಡುವ ಒಬ್ಬ ವೇಗದ ಬೌಲರ್. "ಇವ ಬರ್ತಾನ ನೋಡ್ರಿ ಅಣ್ಣಾ" ಅಂದರು. ನಾನು ಎಲ್ಲಿ ಆಡುತ್ತಾನೆ ಎಂದು ಕೇಳಿದೆ. ಅಭ್ಯಾಸಕ್ಕೆ ವಾರಕ್ಕೆ ಎರಡು ಸಲ ಬಸ್ ಹಿಡಿದು ರಾಯಚೂರಿಗೆ ಹೋಗಿ ಬರುತ್ತಾನಂತೆ. ಹೋಗಿಬರುವ ಬಸ್‌ಚಾರ್ಜು ಎಷ್ಟಾಗುತ್ತದೆ ಎಂಬ ಲೆಕ್ಕವೂ ಅವರ ಬಾಯಲ್ಲೇ ಇತ್ತು.