ಆರ್ಗನ್ ವಾದ್ಯವೂ ಕನ್ನಡದ ಲಘುಗುರುಗಳೂ

ಇಗರ್ಜಿಯ ಆರ್ಗನ್ ವಾದ್ಯದ ಸೊಗಸು ಅದರ ಉಸಿರಿನಲ್ಲಿದೆ. ವೀಣೆಯ ನಾದವು ಮೀಟಿದೊಡನೆ ಕುಂದತೊಡಗುವುದು. ಇದರ ನಾದವಾದರೋ ಬೆರಳು ಕೀಲಿಯ ಮೇಲಿರುವ ತನಕ ಕುಗ್ಗದು. ಬೇಸಗೆಯ ಸಂಜೆಯ ಬರಿಯ ವಾದನಕ್ಕೆ ಈ ಗುಣವೇ ಭೂಷಣ. ಕನ್ನಡ ಕೀರ್ತನೆಯೊಡನೆ ಅದೇ ದೋಷವಾಗಬಹುದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಬಳಿಕ ಯೂರೋಪಿನ ಧಾಟಿಗಳಿಗೆ ಕನ್ನಡ ಪದಗಳನ್ನು ಹೊಂದಿಸಲಾಯಿತು. ಆ ಧಾಟಿಯ ಸಮನಡೆಗೆ ಸಿಲುಕಿ ಲಘುವು ಗುರುವಾದರೆ ನುಡಿಯ ಅಂದವೇ ಕೆಡುವುದು. 1862ರಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ರಚಿಸಿ, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಪ್ರಕಟಿಸಿದ ಕಿಟ್ಟೆಲರು ಈ ಮರ್ಮವನ್ನು ಬಲ್ಲವರು. ಕುಂದಾಪುರ, ಬ್ರಹ್ಮಾವರಗಳ ಯಕ್ಷಗಾನರಂಗದಲ್ಲಿ ಆರ್ಗನ್ನಿನ ತಂಗಿಯಂತಿರುವ ಹಾರ್ಮೋನಿಯಂ ಶ್ರುತಿಯನ್ನಷ್ಟೇ ಹಿಡಿದು ಭಾಗವತನ ಪದಕ್ಕೆ ಎಡೆಗೊಡುತ್ತದೆ. ಅಕ್ಕನೂ ಕನ್ನಡದ ಹಾಡಿಗೆ ಹಾಗೆಯೇ ಎಡೆಗೊಡಲಿ. ನುಡಿ ಮುಗಿದ ಬಳಿಕ ಮನದಣಿಯೆ ಮೊಳಗಲಿ.